ಹನ್ನೊಂದನೇ ಪುಟ

ದಾವಣಗೆರೆ, ವಿದ್ಯಾನಗರ, ಬಸ್‌ಸ್ಟಾಪಿನೆದುರು ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ, ಹಿಂದೆ-ಮುಂದೆ ಆದರೆ ಮೂರು.
ಪಿಯುಸಿಯಲ್ಲಿ ಎರಡು ಸಲ ಫೇಲಾದ ನಾನು
ಈ ಊರಿನ ಎಷ್ಟೋ ಡಿಗ್ರಿಗಳನ್ನು
ಬಿಸಿ ಆರುವ ಮೊದಲೇ ಕೈಯಲ್ಲಿ ಹಿಡಿದಿದ್ದೇನೆ.

ಆಷಾಢದ ಗಾಳಿ, ಮಧ್ಯಾಹ್ನ ಮೂರೂವರೆ.
ತೆರ್ಹೆಂಬಾ ಬಂದ, ಜೊತೆಗೆ ಎಬಿಯೆರೆ.
ಫಾರ್ಮಸಿ, ಮೂರನೇ ವರ್ಷ, ನೈಜೀರಿಯಾ.
ಅವರ ಹೆಸರು ಹಾಳೆಯ ಮೇಲೆ ಬರೆದುಕೊಂಡು ಕಲಿತೆ.
ಓಣಿಯವರಿಗೆ ಅವರು ಬರೀ ಆಫ್ರಿಕಾದೋರು,
ನಮ್ಮನ್ನು ಯಾರಾದರೂ ಏಷ್ಯಾದೋರು ಅಂದ ಹಾಗೆ.

ನಲವತ್ತೆರಡು ಪುಟ ಇಂಪಾರ್ಟೆಂಟ್ ಪ್ರಶ್ನೆಗಳು.
ಹನ್ನೊಂದನೆಯದಕ್ಕೆ ಕರೆಂಟ್ ಹೋಯಿತು.
ಹಾಳೆ ಅರ್ಧ ಒಳಗೆ, ಅರ್ಧ ಹೊರಗೆ.

ಸ್ಟೂಲು ಕೊಟ್ಟೆ. ಮಂಡಕ್ಕಿ ತರಿಸಿದೆ, ಮಿರ್ಚಿ ಎರಡೆರಡು.
ಆಗ ಎದ್ದಿತು ಇಬ್ಬರ ಹಳೇ ತಕರಾರು,
ಅರ್ಧ ಇಂಗ್ಲಿಷು, ಕಾಲು ಕನ್ನಡ, ಉಳಿದದ್ದೆಲ್ಲ ಕೈ.

ಇಲ್ಲೇ ವಾಸಿ, ಅಂದ ಅವನು.
ಹನ್ನೆರಡಕ್ಕೆ ಪರೀಕ್ಷೆ ಅಂದರೆ ಹನ್ನೆರಡಕ್ಕೇ ಪರೀಕ್ಷೆ.
ಮಕುರ್ಡಿಯಲ್ಲಿ ನಮ್ಮಣ್ಣ ನಾಲ್ಕು ವರ್ಷದ ಓದಿಗೆ ಸೇರಿದ.
ಮೇಷ್ಟ್ರುಗಳ ಮುಷ್ಕರ ಎಂಟು ತಿಂಗಳು,
ಆಮೇಲೆ ಇನ್ನೊಂದು, ಆಮೇಲೆ ಇನ್ನೊಂದು.
ಪದವಿ ಕೈಗೆ ಬರುವಷ್ಟರಲ್ಲಿ
ಅವನ ಮಗಳು ಒಂದನೇ ಕ್ಲಾಸು.

ಪಾಠ ಇದ್ದ ದಿನವಾದರೂ ಪಾಠ ಇತ್ತಲ್ಲ, ಅಂದಳು ಅವಳು.
ನಾನೂರು ಜನ, ನೂರೈವತ್ತು ಕುರ್ಚಿ.
ಕಿಟಕಿಯ ಹೊರಗೆ ನಿಂತು ಬರೆದುಕೊಂಡೆ,
ಅಲ್ಲಿಂದಲೇ ಕೈ ಎತ್ತಿದೆ: ಸರ್, ನೀವು ಹೇಳಿದ್ದು ತಪ್ಪು.
ಆತ ಸೀಮೆಸುಣ್ಣ ನನ್ನ ಕಡೆ ಚಾಚಿ
ಒಳಗೆ ಬಾ, ತೋರಿಸು, ಅಂದ.
ಇಲ್ಲಿ ಕೈ ಎತ್ತಿದರೆ ಸಿಲಬಸ್ ಮುಗಿಯೋದಿಲ್ಲ.
ಎಪ್ಪತ್ತೈದು ಪರ್ಸೆಂಟ್ ಹಾಜರಿ ಸಾಕು, ಬಾಯಿ ಬೇಡ.

ತನ್ನ ನೋಟ್ಸ್ ಕೊಳ್ಳದವರನ್ನು ಫೇಲು ಮಾಡಿದ್ದೂ
ಅದೇ ಮೇಷ್ಟ್ರಲ್ಲವಾ? ನೀನೇ ಹೇಳಿದ್ದಿ.

ಅದು ಬೇರೆಯವನು, ಅಂದಳು.
ಸ್ವಲ್ಪ ತಡವಾಗಿ ಅಂದಳು.

ಅಷ್ಟರಲ್ಲಿ ನನ್ನ ಮಗ ಬಂದ, ಟೈ ಜೇಬಿನಲ್ಲಿ ತುರುಕಿಕೊಂಡು.
ಡೈರಿ ಮುಂದೆ ಹಿಡಿದ: ಹತ್ತು ರೂಪಾಯಿ ದಂಡ.
ಯಾಕೋ?
ಕ್ಲಾಸಲ್ಲಿ ಕನ್ನಡ ಮಾತಾಡಿದೆ.
ಏನಂದಿ?
ನೀರು ಕುಡೀಬೇಕು ಅಂದೆ.

ಎಬಿಯೆರೆಗೆ ನಾನೇನೂ ಬಿಡಿಸಿ ಹೇಳಬೇಕಾಗಲಿಲ್ಲ,
ಡೈರಿಯ ಕೆಂಪು ಇಂಗ್ಲಿಷು ಅವಳೇ ಓದಿದಳು.
ಮಿರ್ಚಿಯ ತೊಟ್ಟು ಬೆರಳಲ್ಲೇ ಉಳಿಯಿತು.
ನಮ್ಮಲ್ಲಿ ಕೊರಳಿಗೆ ಹಲಗೆ ಕಟ್ಟುತ್ತಿದ್ದರು, ಅಂದಳು.
ಇನ್ನೊಬ್ಬರು ಮನೆಮಾತು ಆಡಿ ಸಿಕ್ಕಿಬೀಳುವ ತನಕ
ಬಿಚ್ಚುವಂತಿಲ್ಲ.
ಒಂದಿಡೀ ದಿನ ಗೆಳತಿಯರ ಬೆನ್ನಿಗೆ ಬಿದ್ದು ಅಲೆದಿದ್ದೆ,
ಯಾರಾದರೂ ಎಡವಲಿ,
ಎಡವಿ, ನಮ್ಮ ಭಾಷೆಯಲ್ಲಿ, ಅವ್ವಾ ಅನ್ನಲಿ ಅಂತ.

ನಮ್ಮ ಸ್ಕೂಲಲ್ಲಿ ಐದು ನೈರಾ, ಅಂದ ತೆರ್ಹೆಂಬಾ.
ಇಬ್ಬರೂ ಯಾವ ದೇಶ ವಾಸಿ ಅನ್ನೋದು ಬಿಟ್ಟರು.

ಗಲ್ಲಾದಿಂದ ಹತ್ತರ ನೋಟು ತೆಗೆದೆ. ಹಿಡಿದುಕೊಂಡೇ ಕೂತೆ.
ಆ ಕಾನ್ವೆಂಟಿನ ಸೀಟಿಗೆ
ಬೆಳಗಿನ ಜಾವ ನಾಲ್ಕಕ್ಕೆ ಸಾಲಲ್ಲಿ ನಿಂತವಳು ನಾನೇ,
ಅದಕ್ಕೆ ಬಳೆ ಅಡ ಇಟ್ಟವಳೂ ನಾನೇ.
ಅವರಿಗೆ ಹೇಳಲಿಲ್ಲ.

ಫ್ಯಾನು ಕುಂಯ್ ಅಂದಿತು. ಕರೆಂಟ್.
ಅಪ್ ನೇಪಾ! ಇಬ್ಬರೂ ಒಟ್ಟಿಗೇ ಕೂಗಿದರು,
ಮೆಟ್ಟಿಲ ಮೇಲಿನ ನಾಯಿ ಎದ್ದು ಓಡಿತು.
ಅವರೂರಲ್ಲಿ ದೀಪ ಬಂದಾಗ
ಓಣಿಯ ಹುಡುಗರೆಲ್ಲ ಹೀಗೇ ಕಿರುಚುವುದಂತೆ.
ಹಳೇ ಕರೆಂಟ್ ಕಂಪನಿಯ ಹೆಸರಂತೆ.
ಕಂಪನಿ ಹೋಗಿ ಎಷ್ಟೋ ವರ್ಷವಾಯಿತಂತೆ,
ಕೂಗು ಹೋಗಿಲ್ಲ.

ಅದು ಇಂಗ್ಲಿಷಾ ಆಂಟಿ? ಮಗ ಕೇಳಿದ.
ಸ್ಕೂಲಲ್ಲಿ ಅಂದರೆ ದಂಡ ಹಾಕ್ತಾರಾ?

ಎಬಿಯೆರೆ ನಿಜವಾಗಿ ಯೋಚಿಸಿದಳು.
ಗೊತ್ತಿಲ್ಲಪ್ಪಾ, ಅಂದಳು ಕನ್ನಡದಲ್ಲೇ. ಕೂಗಿ ನೋಡು.

ಹನ್ನೊಂದನೇ ಪುಟ ಮುದ್ದೆಯಾಗಿ ಹೊರಬಂತು.
ಅದಕ್ಕೆ ದುಡ್ಡು ಹಿಡಿಯಲಿಲ್ಲ.