ಪಡುವಲಕ್ಕೆ ಖಾಕಿ

ಆರಿದ್ರೆಗೆ ಹಾಕಿದ ಬೆಂಡೆ ಕೊಳೆಯಿತು.
ಪುನರ್ವಸುವಿಗೆ ಮತ್ತೆ ಹಾಕಿದೆ, ಎರಡೆಲೆ ಬಿಟ್ಟ ದಿನ
ನವಿಲು ಬಂದು ಸಾಲು ತಪ್ಪದೆ ಕಿತ್ತಿತು,
ಕೂಲಿಗೆ ಕಳೆ ತೆಗೆಯುವವಳ ಹಾಗೆ.
ಗೆಣಸು ಮುಳ್ಳುಹಂದಿಗೆ. ಬಾಡಿಗೆಯೆಂದು ಎರಡು ಮುಳ್ಳು ಬಿಟ್ಟಿದೆ,
ಸುಲೋಚನ ಅದರಲ್ಲಿ ಬೈತಲೆ ತೆಗೆಯುತ್ತಾಳೆ.

ಉಳಿದದ್ದು ಒಂದೇ ಪಡುವಲ, ಬೀಜಕ್ಕೆಂದು ಬಿಟ್ಟದ್ದು,
ತುದಿಗೆ ಕಲ್ಲು ಕಟ್ಟಿ ನೆಟ್ಟಗೆ ಇಳಿಸಿದ್ದು.
ಹಳೇ ಯೂನಿಫಾರ್ಮಿನ ಪ್ಯಾಂಟಿನ ಒಂದು ಕಾಲು ಕತ್ತರಿಸಿ
ತೊಡಿಸಿದೆ.
ಕ್ವಾರ್ಟರ್ಸಿನವರು ನಕ್ಕರು:
‘ಲೈನ್‌ಮನ್ ಕೆರಿಯಪ್ಪನ ಕಾಲು ಚಪ್ಪರದಲ್ಲಿ!’

ಹನ್ನೊಂದು ದಿನ ಕಾಯಿ ಕ್ಷೇಮ.

ಹನ್ನೆರಡಕ್ಕೆ, ಹೊಸನಗರ ರಸ್ತೆಯ ಕಂಬದ ಮೇಲೆ
ಹರಿದ ತಂತಿ ಬಿಗಿಯುತ್ತ ಕೆಳಗೆ ನೋಡಿದರೆ
ನಮ್ಮ ಹಿತ್ತಲಲ್ಲಿ ಮಂಗ.
ಮಗುವಿನ ಕಾಲುಚೀಲ ಕಳಚುವಷ್ಟು ನಾಜೂಕಾಗಿ
ಖಾಕಿ ಕಳಚುತ್ತಿತ್ತು.
‘ಹೋಯ್’ ಎಂದೆ. ತಲೆಯೆತ್ತಿ ನೋಡಿತು,
ಕಂಬ ತಬ್ಬಿ ಮೇಲೆ ಕೂತ ನನ್ನನ್ನು.
ನೆಲದಲ್ಲಿ ಅದು, ಮೇಲೆ ನಾನು:
ಯಾರು ಯಾರನ್ನು ಓಡಿಸಬೇಕು?

ಕಚ್ಚಿತು. ಜಗಿಯಿತು. ಥೂ ಎಂದು ಉಗಿದು ಹೋಯಿತು.
ಕಹಿ.

ಸಂಜೆ ಸುಲೋಚನ ಆ ಚೂರುಗಳನ್ನೇ ಆಯ್ದು
ಬೀಜ ಬಿಡಿಸಿ ಬೂದಿಯಲ್ಲಿ ಹೊರಳಿಸುತ್ತಿದ್ದಳು.
‘ಕಹೀದು ಯಾಕೆ?’
‘ಬೇಲಿಗೆ,’ ಎಂದಳು.
‘ಸಿಹಿದು ಒಳಗೆ ಹಾಕೋಣ, ಅಕ್ಕನ ಹತ್ತಿರ ಕೇಳಿದೀನಿ.
ಪ್ಯಾಂಟಿನ ಇನ್ನೊಂದು ಕಾಲು ಎಲ್ಲಿಟ್ಟಿದೀರಿ?’