ನೀಲಿ ಕಳವಾದ ದಿನ

ಬಣ್ಣದ ಕೊಟ್ಟಿಗೆಗೆ ಮೂವರು ಬರಕೂಡದು
ಎನ್ನುತ್ತಾಳೆ ನನ್ನ ಗಂಡನ ಅಜ್ಜಿ, ಅಬಿ ನಿದುಪ್:
ಹೊರಗಿನವರು, ಸಾವಿನ ಮನೆಯಿಂದ ಬಂದವರು,
ಬಸುರಿ.
ಮೊದಲಿಬ್ಬರು ಬಣ್ಣ ಕೆಡಿಸುತ್ತಾರೆ.
ಬಸುರಿಯದು, ಪಾಪ, ತಪ್ಪಿಲ್ಲ;
ಒಳಗಿರುವುದು ಕೈಚಾಚಿ ಕದಿಯುತ್ತದೆ.

ನಾನು ಹೇಳಿರಲಿಲ್ಲ.
ಎರಡು ತಿಂಗಳು. ಗಂಡನಿಗೂ ಹೇಳಿರಲಿಲ್ಲ,
ಅವನು ಸಂದ್ರುಪ್ ಜೊಂಗ್ಖರಿನಲ್ಲಿ ಲಾರಿಗೆ ಆಲೂಗಡ್ಡೆ ಹೇರುತ್ತಿದ್ದ.
ಹೋದ ವರ್ಷ ಹೇಳಿದ್ದೆ, ಊರಿಗೆಲ್ಲ ಹೇಳಿದ್ದೆ.
ಮೆಣಸಿನ ಸಸಿ ನೆಡುವ ಹೊತ್ತಿಗೆ
ಹೇಳಲಿಕ್ಕೆ ಏನೂ ಉಳಿದಿರಲಿಲ್ಲ.

ಮೆರಾಕಿನ ಕುರಿಗಾಹಿಗಳು ಉಣ್ಣೆ ತಂದಿದ್ದರು,
ಹಾಲಿನ ಕಮಟು, ಹೊಗೆಯ ಕಮಟು, ಎಳೆಯಲ್ಲಿ ಸಿಕ್ಕ ಮುಳ್ಳು.
ರೇಷ್ಮೆ ಅಸ್ಸಾಮಿನದು, ಗಡಿ ದಾಟಿ ಬಂದದ್ದು.
ರಾದಿಯಲ್ಲಿ ಎರಡಕ್ಕೂ ಒಂದೇ ಒಲೆ,
ಉಪಚಾರ ಬೇರೆ.
ಉಣ್ಣೆ ಹಟಮಾರಿ, ಬಿಸಿ ಬೇಡುತ್ತದೆ,
ಬಿಸಿಯಿಂದ ತಣ್ಣೀರಿಗೆ ಎಸೆದರೆ ಮುನಿದು ಗಂಟಾಗುತ್ತದೆ.
ರೇಷ್ಮೆಗೆ ಕುದಿ ಆಗದು; ಕುದಿಸಿದರೆ
ಮೈಯ ಹೊಳಪನ್ನೆಲ್ಲ ನೀರಿಗೆ ಬಿಟ್ಟು ಸುಮ್ಮನಾಗುತ್ತದೆ.
"ನಿನ್ನ ಹಾಗೆ," ಎಂದಳು ಅಬಿ.
ಯಾವುದು ನನ್ನ ಹಾಗೆ, ಕೇಳಲಿಲ್ಲ.

ಮೊದಲು ಹಳದಿ.
ಝಿಮ್ ಮರದ ಎಲೆ, ಹಣ್ಣಾಗಿ ಉದುರಿದ್ದೇ ಬೇಕು,
ಕೊಯ್ದ ಹಸಿರೆಲೆಗೆ ಹಿಡಿತ ಕಡಿಮೆಯಂತೆ.
ಮೂರು ಬುಟ್ಟಿ ಆಯ್ದು ತಂದೆ, ಬಗ್ಗಿದಾಗಲೆಲ್ಲ
ಹೊಟ್ಟೆಗೆ ಒಂದು ಕೈ ಕೊಟ್ಟು.
ಕುದಿಸಿದರೆ ಚಹಾದ ಬಣ್ಣ, ನಾಲಿಗೆಗಿಟ್ಟರೆ ಒಗರು.
ಲಡಿ ಮುಳುಗಿಸಿದೆ. ಎದ್ದು ಬಂತು
ಜೋಳದ ತೆನೆಯ ಹಳದಿ, ಒಂದೇ ಸಮ, ಒಂದು ಕಲೆಯಿಲ್ಲ.
ಅಬಿ ಬೀಗಿದಳು: ಇಪ್ಪತ್ತು ವರ್ಷದಲ್ಲಿ ಇಂಥದ್ದು ಬಂದಿಲ್ಲ.

ನನ್ನ ಎದೆ ಧಸಕ್ಕೆಂದಿತು.
ಯಾರೂ ಕದ್ದಿಲ್ಲ.
ಕದಿಯುವವರು ಇನ್ನೂ ಒಳಗಿದ್ದಾರೆಯೇ?

ಯಾಂಗ್‌ಶಬಾ ಎಲೆಯ ನೀಲಿ ಹಾಗಲ್ಲ.
ಕುದಿಸಬಾರದು, ಕೊಳೆಯಲು ಬಿಡಬೇಕು,
ಬೂದಿನೀರು, ಆರಾ ಕಾಯಿಸಿ ಉಳಿದ ಒಂದು ಹಿಡಿ ಗಸಿ.
ಹರವಿಗೆ ಹಳೆಯ ಕಂಬಳಿ ಹೊದಿಸಿ
ದಿನಕ್ಕೆರಡು ಸಲ ಕಿವಿಗೊಟ್ಟು ಕೇಳಬೇಕು,
ಒಳಗೆ ಗುಳುಗುಳು ಇದೆಯೋ ಎಂದು.
ನಾತಕ್ಕೆ ಹೊಟ್ಟೆ ತೊಳಸಿತು. ಹಿತ್ತಿಲಿಗೆ ಓಡಿದೆ.
"ಹಳಸಿದ ಗಿಣ್ಣು ತಿಂದೆಯಾ?" ಎಂದಳು ಅಬಿ.
ಹೌದೆಂದೆ.

ಹತ್ತನೆಯ ದಿನ ಕಂಬಳಿ ಸರಿಸಿದಳು.
ಮೇಲೆ ತಾಮ್ರದ ಕೆನೆ, ಕೆಳಗೆ ಹಸಿರುಗತ್ತಲೆ.
ಲಡಿ ಎತ್ತಿದರೆ ಹುಲ್ಲಿನ ಬಣ್ಣ;
ಗಾಳಿ ತಾಗಿ, ಕಣ್ಣೆದುರಿಗೇ,
ಒಂದೊಂದೇ ಎಳೆಗೆ ನೆನಪು ಬಂದಂತೆ ನೀಲಿಯೇರಬೇಕು.

ಏರಲಿಲ್ಲ.
ನಿಂತೆವು. ಲಡಿ ತೊಟ್ಟಿಕ್ಕುತ್ತಿತ್ತು.
ರೇಷ್ಮೆಯಲ್ಲಿ, ಅಕ್ಕಿ ತೊಳೆದ ನೀರಿಗೆ
ಆಕಾಶ ಬಿದ್ದಷ್ಟು ನೀಲಿ, ಅಷ್ಟೇ.
ಉಣ್ಣೆಯಲ್ಲಿ ಅದೂ ಇಲ್ಲ.
ಮತ್ತೆ ಮುಳುಗಿಸಿದೆವು, ಮತ್ತೆ, ಮತ್ತೆ.
ಅಬಿ ಬೈಯತೊಡಗಿದಳು
ಎಲೆಯನ್ನು, ಬೂದಿಯನ್ನು, ಬೂದಿಯಾದ ಓಕ್ ಮರವನ್ನು,
ಒಳ್ಳೆಯ ದಿನವೆಂದು ಬೆರಳೆಣಿಸಿದ ಗೊಂಚೆನ್‌ನನ್ನು,
ಕೊನೆಗೆ, ಸತ್ತು ಮೂವತ್ತು ವರ್ಷವಾದ ತನ್ನ ಅತ್ತೆಯನ್ನು.

ನಾನು ಬೆನ್ನು ತಿರುಗಿಸಿದೆ.
ನಗು ಬರುತ್ತಿತ್ತು, ತುಟಿ ಕಚ್ಚಿದರೂ ಬರುತ್ತಿತ್ತು.
ಕುಡಿ, ಎಂದೆ ಒಳಗಿನದಕ್ಕೆ, ಪೂರ್ತಿ ಕುಡಿ,
ಹರವಿಯ ತಳ ಕಾಣಲಿ,
ಮೂರು ಸಾವಿರ ನುಲ್ಟ್ರಮ್ಮಿನ ನೀಲಿ ಕಣೋ,
ಉಗುರಿಗೋ ರೆಪ್ಪೆಗೋ
ಎಲ್ಲಿ ಬೇಕೋ ಅಲ್ಲಿ ಬಳಿದುಕೋ.

ಬೈಗುಳ ನಿಂತಿತ್ತು.
ತಿರುಗಿದರೆ ಅಬಿ ನನ್ನನ್ನೇ ನೋಡುತ್ತಿದ್ದಳು,
ತೊಳೆದರೆ ಹೋಗದ ನಲವತ್ತು ವರ್ಷದ ನೀಲಿ
ಮೊಣಕೈವರೆಗೆ.
ಏನೂ ಕೇಳಲಿಲ್ಲ.
ಹರವಿಗೆ ಕಂಬಳಿ ಹೊದಿಸಿದಳು, ಅಂಚು ಸಿಕ್ಕಿಸಿದಳು.
"ನಾಳೆಯಿಂದ ಇತ್ತ ಬರಬೇಡ.
ಮೆಣಸಿನ ಮಡಿಯಲ್ಲಿ ಕಳೆ ಬೆಳೆದಿದೆ.
ಕೂತು ಕೀಳು," ಎಂದಳು,
"ಬಗ್ಗಬೇಡ."