ಎಡಕ್ಕೆ ತಿರುಗಿದಾಗ ಮಾತ್ರ

ಬಲಕ್ಕೆ ತಿರುಗಿಸಿದರೆ ಏನೂ ಇಲ್ಲ.
ಎಡಕ್ಕೆ, ಅದೂ ಸ್ಟೀರಿಂಗ್ ಅರ್ಧ ಸುತ್ತು ದಾಟಿದಾಗ,
ಬಾನೆಟ್ಟಿನೊಳಗೆಲ್ಲೋ
ಟಣಕ್.

ಅಡಕತ್ತರಿ ಮುಚ್ಚಿದ ಹಾಗಿದೆ ಎಂದರು ಇವರು.
ಯಾರೋ ನೆಟಿಕೆ ಮುರಿದ ಹಾಗೆ, ಎಂದ ನಿಹಾಲ.
ನನಗದು
ಸಾಲದ ಕೊನೆಯ ಕಂತು ಕಟ್ಟಿದ ವಾರಕ್ಕೇ
ಹಳೇ ವ್ಯಾಗನ್ ಆರ್ ತೆಗೆದ ಹೊಸ ಲೆಕ್ಕದ ಪುಸ್ತಕ.

ವಾರಿಜಚಿಕ್ಕಿ ಏನೂ ಹೇಳಲಿಲ್ಲ.
ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ
ನಿಂಬೆಹಣ್ಣು ಮೂಸುತ್ತಿದ್ದಳು.
ತಿಂಗಳಿಗೊಮ್ಮೆ ಶಿವಮೊಗ್ಗದ ಹಲ್ಲಿನ ಡಾಕ್ಟರು,
ತೀರ್ಥಹಳ್ಳಿ ಬಿಟ್ಟರೆ ಸಾಕು ವಾಕರಿಕೆ,
ಮಾಳೂರು ಬರುವ ಮೊದಲೇ ರೆಪ್ಪೆ ಬಿಗಿ.

ಊರ ಗ್ಯಾರೇಜಿನ ಹುಡುಗ ಲಿಂಕ್ ರಾಡ್ ಬದಲಿಸಿದ.
ಟಣಕ್.
ಟೈ ರಾಡ್ ಎಂಡ್ ಬದಲಿಸಿದ.
ಟಣಕ್.
ಮೂರನೆಯ ಸಲ, "ರ‍್ಯಾಕೇ ಹೋಗಿದೆ ಮೇಡಂ,
ಹದಿನಾಲ್ಕು ಸಾವಿರ ಆಗ್ಬಹುದು."
ಬಿಚ್ಚಿದ್ದನ್ನಾದರೂ ಕೊಡು ಮಾರಾಯ ಎಂದು
ಪೇಪರಿನಲ್ಲಿ ಸುತ್ತಿಸಿಕೊಂಡು ಬಂದೆ.
ಮನೆಯಲ್ಲಿ ಅಲ್ಲಾಡಿಸಿ ನೋಡಿದರೆ
ಎರಡೂ ಗಟ್ಟಿಮುಟ್ಟು,
ಸುಮ್ಮನೆ ಠಾಣೆಗೆ ಎಳೆದೊಯ್ದ ನಿರಪರಾಧಿಗಳು.

ಕೊನೆಗೆ ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸ್.
ಚಿಕ್ಕಿಯ ಹಲ್ಲಿನ ದಿನವೇ ಇದಕ್ಕೂ ಗೊತ್ತಾಯಿತು.
ಜಬೀವುಲ್ಲಾ ಬಾನೆಟ್ ಎತ್ತಲಿಲ್ಲ,
ನಿಂತಲ್ಲೇ ಚಹಾ ಮುಗಿಸಿದ.
"ಓಡುವಾಗ ಬರ್ತದೋ, ನಿಂತಾಗಲೂ ಬರ್ತದೋ?
ಜನ ತುಂಬಿದಾಗ ಜಾಸ್ತಿಯೋ, ನೀವೊಬ್ಬರೇ ಇದ್ದಾಗಲೋ?"
ಎರಡು ತಿಂಗಳು ಕೇಳಿಸಿಕೊಂಡದ್ದೇ ಬಂತು,
ನಾನು ಇದನ್ನೆಲ್ಲ ಕೇಳಿಕೊಂಡಿರಲೇ ಇಲ್ಲ.

ಜಾಕ್ ಏರಿಸಿದ.
ಚಕ್ರವನ್ನು ಗಡಿಯಾರದ ಒಂಬತ್ತಕ್ಕೂ ಮೂರಕ್ಕೂ ಹಿಡಿದು
ಅಲುಗಿಸಿದ. ಇಲ್ಲ.
ಹನ್ನೆರಡಕ್ಕೂ ಆರಕ್ಕೂ. ಇಲ್ಲ.
ಇಳಿಸಿದ.
ಹಸುವಿನ ಗಬ್ಬ ನೋಡುವ ಡಾಕ್ಟರ ಹಾಗೆ
ಚಕ್ರದ ಮೇಲಿನ ಸಂದಿಗೆ ಭುಜದ ತನಕ ಕೈ ತೂರಿಸಿ
ಎಲ್ಲೋ ಆಕಾಶ ನೋಡುತ್ತ ಸ್ಪ್ರಿಂಗ್ ಹಿಡಿದುಕೊಂಡ.

"ತಿರುಗ್ಸಿ ಅಕ್ಕ. ನಿಧಾನ. ಇನ್ನೂ."
ಬಿಗಿಯಿತು, ಬಿಗಿಯಿತು,
ಟಣಕ್. ಅವನ ಅಂಗೈಯೊಳಗೇ ಹಾರಿತು.
ಮೀನು ಸಿಕ್ಕವನ ಹಾಗೆ ನಕ್ಕ.
"ಸ್ಟ್ರಟ್ಟಿನ ತಲೆ ಮೇಲಿನ ಬೇರಿಂಗು.
ತಿರುಗೋದೇ ಮರ್ತಿದೆ.
ಸ್ಪ್ರಿಂಗ್ ಪಾಪ ಎಷ್ಟೂಂತ ತಡ್ಕೊಳ್ತದೆ,
ಒಂದು ಹಂತಕ್ಕೆ ಕೊಡವಿಕೊಳ್ತದೆ.
ರ‍್ಯಾಕಿಗೆ ಏನಾಗಿದೆ ಧಾಡಿ?"

ಬಿಚ್ಚಿ ನನ್ನ ಕೈಗಿಟ್ಟ: ಬಳೆಯಷ್ಟಗಲ,
ಕೆಮ್ಮಣ್ಣು ಕಚ್ಚಿಕೊಂಡ ಗುಂಡುಗಳು.
ಹೆಬ್ಬೆರಳಿನಲ್ಲಿ ಒತ್ತಿದರೂ ಕದಲಲಿಲ್ಲ.
ಎರಡು ಕಡೆಗೂ ಹೊಸದು, ಅಲೈನ್‌ಮೆಂಟ್ ಸೇರಿ
ಎರಡು ಸಾವಿರದ ಎಂಟುನೂರು.
ಪೇಪರಿನ ಗಂಟು ಬಿಚ್ಚಿ ಹಳೆ ಟೈ ರಾಡ್ ತೋರಿಸಿದೆ.
ಅತ್ತಿತ್ತ ತಿರುಗಿಸಿ ನೋಡಿ
ಏನೂ ಅನ್ನದೆ ಹಿಂದಕ್ಕೆ ಕೊಟ್ಟ.
ಅದು ಕಸುಬಿನ ಮರ್ಯಾದೆ.

ಗಾಜನೂರಿನ ಹತ್ತಿರ ಎಡಕ್ಕೆ. ಏನಿಲ್ಲ.
ಸಕ್ರೆಬೈಲು ದಾಟಿ ಎಡಕ್ಕೆ. ಏನೇನೂ ಇಲ್ಲ.
ಇವರು ರೇಡಿಯೋ ಆರಿಸಿ
ಆ ಏನಿಲ್ಲವನ್ನು ಕೇಳುತ್ತ ಕೂತರು,
ಕೊಟ್ಟ ದುಡ್ಡಿಗೆ ಸಿಕ್ಕ ಮಾಲಿನ ಹಾಗೆ.

ಮಂಡಗದ್ದೆ ಇನ್ನೂ ದೂರವಿರುವಾಗ ಹಿಂದಿನಿಂದ
"ನಿಲ್ಸೇ, ನಿಲ್ಸು!"
ನಿಂಬೆಹಣ್ಣು ಉರುಳಿ ನನ್ನ ಸೀಟಿನಡಿಗೆ ಬಂತು.
ಚಿಕ್ಕಿ ಬಾಗಿಲು ತೆಗೆದು ಕಕ್ಕಿದಳು.

ಬಾಟಲಿಯ ನೀರು ಮುಕ್ಕಳಿಸಿ, ಸೆರಗಲ್ಲಿ ಬಾಯೊರೆಸಿ,
"ಎರಡು ತಿಂಗಳಿಂದ ಒಂದು ಸಲವೂ ಆಗಿರ್ಲಿಲ್ಲ, ನೋಡಿದ್ಯಾ?
ಎಡಕ್ಕೆ ಬಗ್ಗೋ ಮೊದ್ಲು ಅದು ಹೇಳ್ತಿತ್ತು.
ನಾನು ಹೊಟ್ಟೆ ಬಿಗಿ ಹಿಡಿತಿದ್ದೆ.
ಈಗ ತಿರುವು ಹೇಳ್ದೆ ಕೇಳ್ದೆ ಬರ್ತದೆ."

ಹೊರಟೆವು.
ಮುಂದಿನ ತಿರುವು. ಸ್ಟೀರಿಂಗ್ ಬೆಣ್ಣೆ.
ನಾಲಗೆಯನ್ನು ಅಂಗುಳಕ್ಕೆ ಒತ್ತಿ
ಸೆಳೆದುಬಿಟ್ಟೆ:
ಟಣಕ್.

ಹಿಂದೆ ಚಿಕ್ಕಿ ಮುಚ್ಚಿದ ಕಣ್ಣಲ್ಲೇ ಸೀಟು ಹಿಡಿದಳು.
ಇವರು ಮಾತ್ರ ಬೆಚ್ಚಿ
ಡ್ಯಾಶ್‌ಬೋರ್ಡಿಗೆ ಕಿವಿ ಹಚ್ಚಿದರು.